ಐಯಾರನ ಚೀಲದಲ್ಲಿ ಮಂತ್ರವಿರಲಿಲ್ಲ

1994ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ದೂರದರ್ಶನದಲ್ಲಿ ಆರಂಭವಾದ ‘ಚಂದ್ರಕಾಂತಾ’ ಎಂಬ ಹಿಂದೀ ಧಾರಾವಾಹಿಯನ್ನು ನಮ್ಮ ವಾಚಕರಲ್ಲಿ ಅನೇಕರು ಇನ್ನೂ ಮರೆತಿರಲಾರರು. ಭಾನುವಾರದ ಬೆಳಗ್ಗೆ ಅದು ಬರುವ ಹೊತ್ತಿಗೆ, ಹಿಂದಿಯ ಗಂಧವಿಲ್ಲದ ಮನೆಗಳಲ್ಲಿಯೂ ಮಕ್ಕಳು ಪೆಟ್ಟಿಗೆಯ ಮುಂದೆ ಹಾಜರಾಗುತ್ತಿದ್ದರು. ಮಾತು ತಿಳಿಯದಿದ್ದರೇನು, ಕ್ರೂರಸಿಂಹನ ಪೊದೆಹುಬ್ಬು ತಿಳಿಯುತ್ತಿತ್ತು. ಅವನು ಹೊರಡಿಸುತ್ತಿದ್ದ ‘ಯಕ್ಕೂ’ ಎಂಬ ಉದ್ಗಾರಕ್ಕೆ ಭಾಷಾಂತರ ಬೇಕಿರಲಿಲ್ಲ. ನೀರಜಾ ಗುಲೇರಿಯವರ ಆ ಧಾರಾವಾಹಿ ಪಡೆದ ಜನಾದರವನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಅಂದಿನಿಂದ ಇಂದಿನವರೆಗೆ ‘ಚಂದ್ರಕಾಂತಾ’ ಎಂದೊಡನೆ ಜನರ ಮನಸ್ಸಿಗೆ ಬರುವುದು ಮಾಯೆ, ಮಾಟ, ಮಂತ್ರದಂಡಗಳ ಲೋಕ. ಮೂಲಗ್ರಂಥವನ್ನು ಓದಿದವರಿಗೆ ಇದಕ್ಕಿಂತ ದೊಡ್ಡ ವಿಪರ್ಯಾಸ ಕಾಣದು.

ಆ ಗ್ರಂಥವನ್ನು ಬರೆದವರು ದೇವಕೀನಂದನ ಖತ್ರಿಗಳು. 1861ರಲ್ಲಿ ಹುಟ್ಟಿದ ಇವರು ಪಂಡಿತವೃತ್ತಿಯವರಲ್ಲ, ಕಾಡಿನ ಕಂಟ್ರಾಕ್ಟುದಾರರು. ಕಾಶೀ ಸಂಸ್ಥಾನದ ಚಕಿಯಾ, ನೌಗಢ ಮುಂತಾದ ಅರಣ್ಯಗಳ ಗುತ್ತಿಗೆ ಹಿಡಿದು, ಅಲ್ಲಿನ ಪಾಳುಕೋಟೆಗಳಲ್ಲಿ, ಗುಹೆಗಳಲ್ಲಿ, ಹಾಳು ಮಂಟಪಗಳಲ್ಲಿ ತಿರುಗಿದವರು. ಆ ಅಲೆದಾಟದ ಫಲವೇ ಈ ಕಾದಂಬರಿ. ನೌಗಢದ ರಾಜಕುಮಾರ ವೀರೇಂದ್ರಸಿಂಹ, ವಿಜಯಗಢದ ರಾಜಕುಮಾರಿ ಚಂದ್ರಕಾಂತೆ, ಇವರ ನಡುವೆ ಹಲ್ಲುಕಡಿಯುವ ಕ್ರೂರಸಿಂಹ, ಅವನಿಗೆ ಬೆಂಬಲವಾಗಿ ಚುನಾರಗಢದ ಶಿವದತ್ತ. ಊರುಗಳೆಲ್ಲ ನಿಜವಾದುವು, ಚುನಾರದ ಕೋಟೆ ಗಂಗೆಯ ದಂಡೆಯ ಮೇಲೆ ಈಗಲೂ ನಿಂತಿದೆ. ಪುಸ್ತಕ ಹೊರಬಂದದ್ದು 1888ರ ಸುಮಾರಿಗೆ. ಇದನ್ನು ಓದುವುದಕ್ಕಾಗಿಯೇ ಎಷ್ಟೋ ಉರ್ದೂ ಬಲ್ಲ ಜನರು ಹಿಂದೀ ಕಲಿತರೆಂದು ಆಚಾರ್ಯ ರಾಮಚಂದ್ರ ಶುಕ್ಲರು ತಮ್ಮ ಸಾಹಿತ್ಯಚರಿತ್ರೆಯಲ್ಲಿ ಬರೆದಿರುವರು. ಅದೇ ಶುಕ್ಲರು ಇದನ್ನು ಉಚ್ಚ ಸಾಹಿತ್ಯದ ಪಂಕ್ತಿಯಲ್ಲಿ ಕೂಡಿಸಲು ಒಪ್ಪಲಿಲ್ಲವೆಂಬುದೂ ನಿಜ. ಅಡಿಗೆಯವನಿಗೆ ಊಟ ಬಡಿಸಿದ ಕೀರ್ತಿಯನ್ನು ಕೊಟ್ಟು, ಪಂಕ್ತಿಯಲ್ಲಿ ಎಲೆ ಹಾಕದಿದ್ದಂತಾಯಿತು.

ಈ ಕಥೆಯ ನಿಜವಾದ ನಾಯಕರು ರಾಜಕುಮಾರರಲ್ಲ, ಐಯಾರರು. ಐಯಾರನೆಂದರೆ ಗೂಢಚಾರ, ವೇಷಗಾರ, ವೈದ್ಯ, ಓಟಗಾರ, ಗಾಯಕ, ಎಲ್ಲವೂ ಹೌದು. ವೀರೇಂದ್ರನ ಪಕ್ಷದ ತೇಜಸಿಂಹ ಇಂಥವನು. ಚಂದ್ರಕಾಂತೆಯ ಗೆಳತಿ ಚಪಲೆ ಈ ವಿದ್ಯೆಯಲ್ಲಿ ಯಾವ ಗಂಡಸಿಗೂ ಕಡಿಮೆಯವಳಲ್ಲ. ಐಯಾರನ ಸೊಂಟದ ಚೀಲದಲ್ಲಿರುವುದೇನು? ಮುಖಕ್ಕೆ ಬಳಿಯುವ ಬಣ್ಣ, ಗೋಡೆಯೇರುವ ಹಗ್ಗ, ಮೂರ್ಛೆ ಬರಿಸುವ ಪುಡಿ, ಮೂರ್ಛೆ ತಿಳಿಸುವ ‘ಲಖಲಖಾ’ ಎಂಬ ಮದ್ದು. ಮಂತ್ರವೊಂದೂ ಇಲ್ಲ. ಹಿಂದಿನ ಕಾಲದಲ್ಲಿ ಇಂತಹವರು ತಮ್ಮ ಚಾತುರ್ಯದಿಂದಲೇ, ದಂಡಿನ ಪ್ರಾಣವನ್ನು ಬಲಿಗೊಡದೆ, ರಾಜರಾಜರ ಯುದ್ಧವನ್ನು ಮುಗಿಸಿಬಿಡುತ್ತಿದ್ದರೆಂದು ಖತ್ರಿಗಳು ಮುನ್ನುಡಿಯಲ್ಲಿ ಹೇಳಿರುವರು. ಇದು ಚರಿತ್ರೆಯೋ ಕಲ್ಪನೆಯೋ, ಆ ಮಾತು ಬೇರೆ. ರಕ್ತಕ್ಕಿಂತ ಬುದ್ಧಿಯನ್ನು ಮೇಲೆನ್ನುವ ಆ ಅಭಿಮಾನವನ್ನು ವಾಚಕರು ಗಮನಿಸಬೇಕು.

ತಿಲಿಸ್ಮದ ಸಂಗತಿಯೂ ಹೀಗೆಯೇ. ಕಾದಂಬರಿಯಲ್ಲಿ ಹಾಳುಕಟ್ಟಡವೊಂದರ ಒಳಗೆ ಒಂದು ದೊಡ್ಡ ಬಕಪಕ್ಷಿಯ ವಿಗ್ರಹವಿದೆ. ಸಮೀಪಕ್ಕೆ ಹೋದವರನ್ನು ಅದು ಬಾಯ್ದೆರೆದು ನುಂಗಿಬಿಡುತ್ತದೆ. ಓದುವವನ ಎದೆ ಡವಡವಿಸುತ್ತದೆ, ಪಿಶಾಚಿಯೆಂದೇ ನಂಬುತ್ತಾನೆ. ಪುಟಗಳು ಕಳೆದ ಮೇಲೆ ಗುಟ್ಟು ಹೊರಬೀಳುತ್ತದೆ: ಅದರ ಒಡಲೊಳಗಿದ್ದುದು ಕೀಲುಗಳೂ ಯಂತ್ರದ ಬಿಡಿಭಾಗಗಳೂ! ಇಷ್ಟಕ್ಕೇ ಮುಗಿಯಲಿಲ್ಲ. ಕಥೆಯುದ್ದಕ್ಕೂ ದಿವ್ಯಜ್ಞಾನಿಯಂತೆ ಬಂದುಹೋಗುವ ಸಿದ್ಧನಾಥನೆಂಬ ಯೋಗಿ ಕೊನೆಯಲ್ಲಿ ಯಾರಾಗಿ ಹೊರಬೀಳುತ್ತಾನೆ? ತೇಜಸಿಂಹನ ತಂದೆ, ದಿವಾನ ಜೀತಸಿಂಹ. ಅವನೂ ಒಬ್ಬ ಐಯಾರ! ಸಿದ್ಧಪುರುಷನನ್ನೇ ವೇಷಧಾರಿಯನ್ನಾಗಿ ತೋರಿಸುವ ಧೈರ್ಯವನ್ನು ಆ ಕಾಲದ ಜನಪ್ರಿಯ ಲೇಖಕನೊಬ್ಬನು ಮಾಡಿದನೆಂಬುದು ನಮಗೆ ಸಾಮಾನ್ಯವಾಗಿ ತೋರುವುದಿಲ್ಲ. ಯಂತ್ರವೆಂದರೆ ಬಿಳಿಯರ ಸೊತ್ತೆಂದು ದೇಶವೆಲ್ಲ ನಂಬುತ್ತಿದ್ದ ದಿನಗಳವು. ನಮ್ಮ ಕಾರಿಗರನ ಕೈಯಿಂದಲೂ ಇಂಥದು ಆಗಬಲ್ಲದೆಂದು ಅಂಗಡಿಯ ಗುಮಾಸ್ತನೂ ಶಾಲೆಯ ಹುಡುಗನೂ ಈ ಪುಟಗಳಲ್ಲಿ ಓದಿದರು.

ಐಯಾರ, ತಿಲಿಸ್ಮ ಎಂಬ ಶಬ್ದಗಳು ಖತ್ರಿಗಳ ಸ್ವಂತದವಲ್ಲ. ಅಮೀರ್ ಹಂಜನ ದಾಸ್ತಾನಿನಿಂದ ಬಂದುವು. ಲಖನೌದ ನವಲಕಿಶೋರ ಮುದ್ರಣಾಲಯ ಅದೇ ದಶಕದಲ್ಲಿ ‘ತಿಲಿಸ್ಮ್-ಎ-ಹೋಶ್‌ರುಬಾ’ದ ಭಾರಿ ಸಂಪುಟಗಳನ್ನು ಅಚ್ಚು ಹಾಕುತ್ತಿತ್ತು. ಅಲ್ಲಿ ಐಯಾರರೂ ಉಂಟು, ಮಾಂತ್ರಿಕರೂ ಉಂಟು. ಖತ್ರಿಗಳು ಐಯಾರರನ್ನು ಕರೆದುಕೊಂಡು ಬಂದು, ಮಾಂತ್ರಿಕರನ್ನು ಬಾಗಿಲ ಹೊರಗೇ ನಿಲ್ಲಿಸಿದರು. ದೂರದರ್ಶನದ ಧಾರಾವಾಹಿ ಒಂದು ನೂರು ವರ್ಷದ ಮೇಲೆ ಅದೇ ಬಾಗಿಲನ್ನು ತೆರೆದು ಅವರನ್ನು ಒಳಕ್ಕೆ ಸ್ವಾಗತಿಸಿತು. 2017ರಲ್ಲಿ ಒಂದೇ ವರ್ಷದೊಳಗೆ ಎರಡು ಖಾಸಗಿ ವಾಹಿನಿಗಳು ಈ ಕಥೆಯನ್ನು ಮತ್ತೆ ಎತ್ತಿಕೊಂಡುವು. ಗಣಕಯಂತ್ರದ ಚಿತ್ರಗಾರಿಕೆ ಹೆಚ್ಚಿತು, ಐಯಾರನ ಕೆಲಸ ಇನ್ನಷ್ಟು ಕುಗ್ಗಿತು. ಬೆರಳು ತೋರಿದರೆ ಬೆಂಕಿ ಹೊರಡುವುದಾದರೆ, ಬಣ್ಣ ಕಲಸಿ ವೇಷ ಕಟ್ಟುವ ಶ್ರಮ ಯಾರಿಗೆ ಬೇಕು?

ನೋಡುವವರಿಗೆ ಅದೇ ಬೇಕು, ನಾವೇನು ಮಾಡೋಣ ಎಂದು ನಿರ್ಮಾಪಕರು ಹೇಳಬಹುದು. ಈ ಸಮಾಧಾನವನ್ನು ನಾವು ಒಪ್ಪಲಾರೆವು. ಸುಮಾರು ಅದೇ ಕಾಲದಲ್ಲಿ ನಮ್ಮಲ್ಲಿ ಬಿ. ವೆಂಕಟಾಚಾರ್ಯರು ವಂಗ ಕಾದಂಬರಿಗಳನ್ನು ತಂದು ಕನ್ನಡದಲ್ಲಿ ಓದುವವರನ್ನು ಹುಟ್ಟಿಸಿದರು. ಬಳಿಕ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಮಾರಿ ಅವರನ್ನು ಬೆಳೆಸಿದರು. ಇವರಾರೂ ಓದುಗನಿಗೆ ಬುದ್ಧಿಯಿಲ್ಲವೆಂದು ಎಣಿಸಿ ಕೆಲಸಕ್ಕೆ ತೊಡಗಿದವರಲ್ಲ. ಖತ್ರಿಗಳಂತೂ ನಾಲ್ಕು ಭಾಗದ ‘ಚಂದ್ರಕಾಂತಾ’ ಸಾಲದೆಂದು ಇಪ್ಪತ್ತನಾಲ್ಕು ಭಾಗಗಳ ‘ಸಂತತಿ’ಯನ್ನು ಬರೆದರು. ‘ಭೂತನಾಥ’ವನ್ನು ಮುಗಿಸುವ ಮೊದಲೇ, 1913ರಲ್ಲಿ, ತೀರಿಕೊಂಡರು, ಮಗ ದುರ್ಗಾಪ್ರಸಾದರು ಅದನ್ನು ಪೂರ್ತಿಗೊಳಿಸಬೇಕಾಯಿತು. ಇಷ್ಟನ್ನೂ ಓದಿ ಸಾಕೆನ್ನದ ಜನರ ಮೊಮ್ಮಕ್ಕಳೇ ಇಂದಿನ ಪ್ರೇಕ್ಷಕರು.

ಈ ಕಥೆಯನ್ನು ಇನ್ನೊಮ್ಮೆ ತೆರೆಗೆ ತರಲು ಯಾರಾದರೂ ಹೊರಟೇ ಹೊರಡುವರು. ಅವರಲ್ಲಿ ನಮ್ಮದು ಒಂದೇ ಬಿನ್ನಹ: ಬಕಪಕ್ಷಿ ಬಾಯ್ದೆರೆಯುವುದನ್ನು ಎಷ್ಟು ಭಯಂಕರವಾಗಿ ಬೇಕಾದರೂ ತೋರಿಸಲಿ, ಅದರ ಹೊಟ್ಟೆಯೊಳಗಿನ ಕೀಲುಗಳನ್ನು ತೋರಿಸಲು ಮಾತ್ರ ಮರೆಯದಿರಲಿ.