ನರ ಸುಟ್ರ ಕಾಲು ಬಿದ್ದೋಗಲ್ವಾ?

ಯಳಂದೂರು ತಾಲ್ಲೂಕಿನ ಹೊನ್ನೂರಲ್ಲಿರೋ ನಮ್ಮಜ್ಜಿ ಎರಡು ವರ್ಷ ಮಂಡಿ ತೋರಿಸಿ "ಇಲ್ಲೇ ನೋವು" ಅಂತಿದ್ಲು. ನಾವೂ ಮಂಡಿಗೇ ಎಕ್ಸ್‌ರೇ ತೆಗೆಸಿದ್ವಿ, ಮಂಡಿಗೇ ಎಣ್ಣೆ ತಿಕ್ಕಿದ್ವಿ. ಕೊನೆಗೆ ಮೈಸೂರಲ್ಲಿ ಒಬ್ಬ ಡಾಕ್ಟರ್ ಕಾಲನ್ನ ಒಳಗಡೆ ತಿರುಗಿಸಿ ನೋಡಿದಾಗ ಅಜ್ಜಿ ಕಿರುಚಿಬಿಟ್ಲು. ಸವೆದಿದ್ದು ಸೊಂಟದ ಕೀಲು. ಆಬ್ಚುರೇಟರ್ ಅನ್ನೋ ಒಂದೇ ನರ ಸೊಂಟದ ಕೀಲಿಗೂ ಮಂಡಿಗೂ ಕವಲು ಕೊಡುತ್ತೆ, ಹಾಗಾಗಿ ಮಿದುಳಿಗೆ ಅಡ್ರೆಸ್ ತಪ್ಪಬಹುದು.

(ವಯಸ್ಸಾದವರಿಗೆ ಮಾತ್ರ ಹೀಗಾಗೋದು ಅಂದುಕೋಬೇಡಿ. ಸಾಗರದ ಹತ್ತಿರ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಕಾಯಿಲೆ ಚಿಕ್ಕವರ ಕೀಲನ್ನೂ ಹಾಳುಮಾಡುತ್ತೆ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕಾಣೋ ಸಿಕಲ್ ಸೆಲ್ ಕಾಯಿಲೆಯಲ್ಲೂ ತೊಡೆಮೂಳೆಯ ತಲೆಗೆ ರಕ್ತ ಸಿಗದೆ ಅದು ಕುಸಿಯಬಹುದು.)

ಕೀಲು ಬದಲಿಸೋದೇ ಸರಿಯಾದ ರಿಪೇರಿ. ಆದ್ರೆ ಅಜ್ಜಿಯ ಹಾರ್ಟ್ ಪಂಪಿಂಗ್ ಕಮ್ಮಿ, ಅನಸ್ತೇಶಿಯಾದವರು ಬೇಡ ಅಂದ್ರು. ನೋವಿನ ಮಾತ್ರೆ ದಿನಾ ನುಂಗಿದ್ರೆ ಕಿಡ್ನಿಗೂ ಹಾರ್ಟಿಗೂ ಏಟು. ಉಳಿದದ್ದು ರೇಡಿಯೋಫ್ರೀಕ್ವೆನ್ಸಿ ಅಬ್ಲೇಶನ್, ಅಂದ್ರೆ ಕೀಲಿನಿಂದ ನೋವಿನ ಸುದ್ದಿ ಒಯ್ಯೋ ಸಣ್ಣ ನರಗಳನ್ನ ಸೂಜಿ ಹಾಕಿ ಸುಡೋದು. ಕೇಳಿದ್ದೇ ತಡ, ಅಜ್ಜಿ ಅಂದ್ಲು: "ನರ ಸುಟ್ರ ಕಾಲು ಬಿದ್ದೋಗಲ್ವಾ ಮಗ?"

"ಏನೂ ಆಗಲ್ಲ ಬಿಡಜ್ಜಿ" ಅಂದೆ. ಗೊತ್ತಿದ್ದು ಹೇಳಿದ್ದಲ್ಲ. ಹಾಸ್ಟೆಲ್‌ಗೆ ಬಂದಮೇಲೆ ಓದಿದ್ದು.

ಕಾಲು ಎತ್ತೋದಕ್ಕೆ ಬೇಕಾದ ದೊಡ್ಡ ನರಗಳನ್ನ ಮುಟ್ಟೋದೇ ಇಲ್ಲ. ಫೀಮೊರಲ್ ಮತ್ತು ಆಬ್ಚುರೇಟರ್ ನರಗಳಿಂದ ಕೀಲಿನ ಮುಂಭಾಗಕ್ಕೆ ಹೋಗೋ ಕವಲುಗಳಷ್ಟೇ ಗುರಿ. ಅಲ್ಟ್ರಾಸೌಂಡ್ ಅಥವಾ ಎಕ್ಸ್‌ರೇ ನೋಡ್ಕೊಂಡು ಸೂಜಿ ಇಡ್ತಾರೆ, ಯಾಕಂದ್ರೆ ಪಕ್ಕದಲ್ಲೇ ದೊಡ್ಡ ರಕ್ತನಾಳ ಇದೆ. ಸುಡೋ ಮುಂಚೆ ಸುಮಾರು 2 ಹರ್ಟ್ಜ್ ಕರೆಂಟ್ ಕೊಟ್ಟು ನೋಡ್ತಾರೆ. ತೊಡೆ ಅದುರಿದ್ರೆ ಸೂಜಿ ತಪ್ಪು ಜಾಗದಲ್ಲಿದೆ ಅಂತ.

ಆಮೇಲೆ ಬರೋದು ಸುಮಾರು 500 ಕಿಲೋಹರ್ಟ್ಜ್. ಮನೆಯ 50 ಹರ್ಟ್ಜ್ ಶಾಕ್ ಹೊಡೆಯುತ್ತೆ, ಇದು ಹೊಡೆಯಲ್ಲ. ಅಷ್ಟು ಬೇಗ ದಿಕ್ಕು ಬದಲಾಗೋ ಕರೆಂಟಿಗೆ ನರ ಪ್ರತಿಕ್ರಿಯಿಸೋಕೇ ಟೈಮ್ ಸಿಗಲ್ಲ. ಅಂಗಾಂಶದೊಳಗಿನ ಅಯಾನುಗಳು ಮಾತ್ರ ಹಿಂದೆಮುಂದೆ ಓಡಾಡಿ ಬಿಸಿಯಾಗುತ್ತೆ, ಸೂಜಿ ಕಾಯೋದು ಆ ಬಿಸಿಯಿಂದ. ಸಾಮಾನ್ಯವಾಗಿ 80 ಡಿಗ್ರಿ, 90 ಸೆಕೆಂಡ್. ನಂಗೆ ತುಂಬಾ ಇಷ್ಟ ಆಗಿದ್ದು ಕೂಲ್ಡ್ ಅನ್ನೋ ಬಗೆ: ಹೆಚ್ಚು ಜಾಗ ಸುಡೋಕೆ ಸೂಜಿಯೊಳಗೆ ನೀರು ಹರಿಸಿ ತಣ್ಣಗೆ ಮಾಡ್ತಾರೆ! ತುದಿಯ ಸುತ್ತ ಅಂಗಾಂಶ ಕರಕಲಾದ್ರೆ ರೆಸಿಸ್ಟೆನ್ಸ್ ಏರಿ ಕರೆಂಟ್ ನಿಲ್ಲುತ್ತೆ. ತುದಿ ತಂಪಾಗಿದ್ರೆ ಬಿಸಿ ಇನ್ನೂ ದೂರ ಹರಡುತ್ತೆ. ನರದ ಕವಲು ಒಬ್ಬೊಬ್ಬರಲ್ಲಿ ಒಂದೊಂದು ಕಡೆ ಇರೋದ್ರಿಂದ ಇದು ಉಪಯೋಗ.

ಸವೆದ ಕೀಲು ಸವೆದೇ ಇರುತ್ತೆ. ನರ ಮತ್ತೆ ಬೆಳೆಯುತ್ತೆ, ತಿಂಗಳುಗಳ ಮೇಲೆ ನೋವು ವಾಪಸ್ ಬರಬಹುದು, ಆಗ ಮತ್ತೆ ಮಾಡಬೇಕಾಗುತ್ತೆ. ಕೀಲಿನ ಹಿಂಭಾಗದ ನರಗಳು ಬೇರೆ, ಅಲ್ಲಿನ ನೋವು ಉಳಿಯಬಹುದು. ಎಲ್ಲರಿಗೂ ಗುಣ ಕಾಣಲ್ಲ. ಅದಕ್ಕೇ ಮೊದಲು ಬರೀ ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು ಪರೀಕ್ಷೆ.

ಹೋದ ವಾರ ಅಜ್ಜಿಗೆ ಅದಾಯ್ತು. ಮಧ್ಯಾಹ್ನ ಆಸ್ಪತ್ರೆ ವರಾಂಡದಲ್ಲಿ ಕೋಲು ಅಪ್ಪನ ಕೈಗೆ ಕೊಟ್ಟು ಎರಡು ಸುತ್ತು ನಡೆದ್ಲು. ರಾತ್ರಿ ಫೋನ್ ಮಾಡಿ ನಂಗೇ ಬೈಗುಳ: "ನಿನ್ ಸೂಜಿ ಸುಳ್ಳು ಕನ ಮಗ, ನೋವು ತಿರ್ಗ ಬಂತು!"

ಮದ್ದಿಳಿದಾಗ ನೋವು ಬಂತು ಅಂದ್ರೆ ನರ ಅದೇ ಅಂತ, ಟೆಸ್ಟ್ ಪಾಸ್ ಅಂತ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ್ಲು, "ಹಂಗಾರ ಸುಡಾದು ಯಾವತ್ತು?"