ತೋಟಕ್ಕೆ ಜಂತುಹುಳು ಹಾಕಿದರೆ ಬೇರು ಹಾಳಾಗುತ್ತಾ? ಫಾರ್ವರ್ಡ್ ಹೇಳದೇ ಬಿಟ್ಟ ವಿಷಯ

ಮಲೆನಾಡಿನ ಅಡಿಕೆ ಬೆಳೆಗಾರರೊಬ್ಬರು ನಮಗೆ ಎರಡು ವಾಟ್ಸಾಪ್ ಫಾರ್ವರ್ಡ್ ಕಳಿಸಿ ಒಂದೇ ಪ್ರಶ್ನೆ ಕೇಳಿದ್ದರು: "ಇದ್ರಲ್ಲಿ ಯಾವ್ದು ಸತ್ಯ ಮಾರಾಯ್ರೆ?"

ಮೊದಲನೆಯದು ಎಚ್ಚರಿಕೆಯ ಸಂದೇಶ. "ಜೈವಿಕ ಔಷಧಿ ಅಂತ ಹೇಳಿ ಜಂತುಹುಳದ ಪುಡಿ ಮಾರುತ್ತಿದ್ದಾರೆ. ತೋಟಕ್ಕೆ ಹಾಕಿದರೆ ಬೇರು ತಿನ್ನುತ್ತದೆ, ದನಕರುಗಳ ಹೊಟ್ಟೆಗೆ ಹೋಗುತ್ತದೆ. ಎಲ್ಲ ರೈತರಿಗೂ ತಿಳಿಸಿ" ಎಂಬುದು ಅದರ ಸಾರಾಂಶ. ಎರಡನೆಯದು ಇದಕ್ಕೆ ಪೂರ್ತಿ ಉಲ್ಟಾ. "ಒಮ್ಮೆ ಈ ಪುಡಿ ಹಾಕಿದರೆ ಸಾಕು, ಜೀವಮಾನವಿಡೀ ಗೊಣ್ಣೆಹುಳದ ಕಾಟ ಇಲ್ಲ!"

ಅವರ ತೋಟದಲ್ಲಿ ಬೇರುಹುಳದ ತೊಂದರೆ ಇತ್ತು. ಇದನ್ನೇ ಉಳಿದ ಕಡೆ ಗೊಣ್ಣೆಹುಳು ಎನ್ನುತ್ತಾರೆ. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಮುಸ್ಸಂಜೆ ಹೊತ್ತಿಗೆ ಮಣ್ಣಿನಿಂದ ಎದ್ದು ಹಾರುವ ಕಂದು ದುಂಬಿಗಳ ಮರಿ ಇದು. ಮೈ ಬಿಳಿ, ತಲೆ ಕಂದು, ಆಕಾರ ಬಾಗಿದ ಕೊಕ್ಕೆಯಂತೆ. ತಿಂಗಳುಗಟ್ಟಲೆ ಮಣ್ಣಿನೊಳಗೇ ಇದ್ದು ಬೇರು ತಿನ್ನುತ್ತದೆ. ಸೋಗೆ ಹಳದಿಯಾಗಿ, ತುದಿ ಸಪೂರವಾಗಿ, ಗಾಳಿಗೆ ಮರ ಅಲ್ಲಾಡತೊಡಗಿದಾಗಲೇ ಅನೇಕರಿಗೆ ವಿಷಯ ಗೊತ್ತಾಗುವುದು. ಅಡಿಕೆ ಗಿಡ ಫಸಲಿಗೆ ಬರಲು ಐದಾರು ವರ್ಷ ಬೇಕು. ಹಾಗಾಗಿ ಸತ್ತ ಒಂದು ಮರ ಅಂದರೆ ಒಂದು ವರ್ಷದ ನಷ್ಟವಲ್ಲ.

ಮೊದಲೆಲ್ಲ ಇದಕ್ಕೆ ಫೋರೇಟ್ ಹರಳು ಹಾಕುವುದು ರೂಢಿ. ಅದು ಮನುಷ್ಯರಿಗೂ ತೀವ್ರ ವಿಷ. 2020ರ ಡಿಸೆಂಬರ್ 31ರಿಂದ ಭಾರತದಲ್ಲಿ ಅದಕ್ಕೆ ನಿಷೇಧವಿದೆ. ಹಾಗಾದರೆ ಮುಂದೇನು ಎಂದು ಹುಡುಕುವವರಿಗೆ ಈ "ಹುಳದ ಪುಡಿ"ಯ ಹೆಸರು ಕಿವಿಗೆ ಬೀಳುತ್ತದೆ, ಜೊತೆಗೆ ಈ ಎರಡು ಫಾರ್ವರ್ಡುಗಳೂ ಬರುತ್ತವೆ. ಒಂದೊಂದಾಗಿ ನೋಡೋಣ.

ಮೊದಲ ಸಂದೇಶ: ಬೇರು ತಿನ್ನುತ್ತದೆಯೇ?

ಇಲ್ಲ. ಗೊಂದಲಕ್ಕೆ ಕಾರಣ ಹೆಸರು. ನೆಮಟೋಡ್ ಎನ್ನುವುದು ಒಂದೇ ಹುಳದ ಹೆಸರಲ್ಲ, ದಾರದಂತೆ ದುಂಡಗಿರುವ ಹುಳಗಳ ದೊಡ್ಡ ಬಳಗದ ಹೆಸರು. ವಿಜ್ಞಾನಿಗಳು ಈವರೆಗೆ ಹೆಸರಿಟ್ಟಿರುವ ಜಾತಿಗಳೇ 25 ಸಾವಿರಕ್ಕೂ ಹೆಚ್ಚು. ಮಕ್ಕಳ ಹೊಟ್ಟೆಯ ಜಂತುಹುಳು ಈ ಬಳಗದ್ದೇ. ಟೊಮೆಟೊ ಬೇರಿನಲ್ಲಿ ಗಂಟು ಕಟ್ಟುವ ಹುಳುವೂ, ಕಾಳುಮೆಣಸಿನ ನಿಧಾನ ಸೊರಗು ರೋಗದಲ್ಲಿ ಪಾಲಿರುವ ಹುಳುಗಳೂ ಇದೇ ಬಳಗದವು. ಕೃಷಿಕರಿಗೆ ನೆಮಟೋಡ್ ಎಂದ ಕೂಡಲೇ ಇವೇ ನೆನಪಾಗುವುದು ಸಹಜ.

ಆದರೆ ಬೇರು ತಿನ್ನುವ ನೆಮಟೋಡುಗಳ ಬಾಯಲ್ಲಿ ಸೂಜಿಯಂಥ ಒಂದು ಅಂಗವಿರುತ್ತದೆ. ಅದನ್ನು ಬೇರಿನ ಜೀವಕೋಶಕ್ಕೆ ಚುಚ್ಚಿ ರಸ ಹೀರುತ್ತವೆ. ಗೊಣ್ಣೆಹುಳಕ್ಕೆ ಬಳಸುವ ನೆಮಟೋಡುಗಳಿಗೆ ಆ ಸೂಜಿಯೇ ಇಲ್ಲ. ಅಡಿಕೆ ಬೇರಿನ ಪಕ್ಕದಲ್ಲೇ ಬಿಟ್ಟರೂ ಅದನ್ನು ತಿನ್ನುವ ಸಾಧನ ಅವುಗಳ ಹತ್ತಿರವಿಲ್ಲ. ಅವು ಕೀಟದ ದೇಹದೊಳಗೆ ಮಾತ್ರ ಬೆಳೆಯಬಲ್ಲವು. ಎರೆಹುಳಕ್ಕೂ ಇವು ತೊಂದರೆ ಕೊಡುವುದಿಲ್ಲ.

ದನಕರುಗಳ ಹೊಟ್ಟೆಗೆ? ಅಲ್ಲಿ ಬದುಕುವ ಜಂತುಹುಳುಗಳ ಜಾತಿಯೇ ಬೇರೆ. ಮಣ್ಣಿನ ತಂಪಿಗೆ ಹೊಂದಿಕೊಂಡ ಈ ನೆಮಟೋಡುಗಳು ಹಸುವಿನ ಅಥವಾ ಮನುಷ್ಯರ ಬಿಸಿ ಮೈಯಲ್ಲಿ ಬೆಳೆಯುವುದಿಲ್ಲ. ಅಮೆರಿಕದಲ್ಲಿ ಕೀಟನಾಶಕಗಳಿಗೆ ಕಡ್ಡಾಯವಾದ ನೋಂದಣಿಯಿಂದ ಇವಕ್ಕೆ ವಿನಾಯಿತಿಯನ್ನೂ ಕೊಟ್ಟಿದ್ದಾರೆ. ಹಾಗಂತ ಬರಿಗೈಯಲ್ಲಿ ಕಲಸಿ ಎಂದು ನಾವು ಹೇಳುವುದಿಲ್ಲ. ಇವುಗಳ ಜೊತೆಗಿರುವ ಬ್ಯಾಕ್ಟೀರಿಯಾ ಗುಂಪಿನ ಒಂದು ಪ್ರಭೇದ ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ತೀರಾ ಅಪರೂಪಕ್ಕೆ ಮನುಷ್ಯರ ಗಾಯಗಳಲ್ಲಿ ಕಂಡುಬಂದಿದೆ. ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಹಾಕಿಕೊಳ್ಳಿ, ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಗೊಬ್ಬರ ಮುಟ್ಟಿದ ಮೇಲೂ ಹಾಗೇ ಮಾಡಬೇಕಲ್ಲ?

ಹಾಗಾದರೆ ಇವು ಮಾಡುವುದೇನು?

ಇವಕ್ಕೆ ಇಪಿಎನ್ ಎಂಬ ಚಿಕ್ಕ ಹೆಸರಿದೆ. ಕೀಟಗಳಿಗೆ ರೋಗ ತರುವ ನೆಮಟೋಡ್ ಎಂದು ಅರ್ಥ. ಬಳಕೆಯಲ್ಲಿರುವುದು ಮುಖ್ಯವಾಗಿ ಎರಡು ಕುಲಗಳು: ಸ್ಟೈನರ್ನೀಮಾ ಮತ್ತು ಹೆಟೆರೊರಾಬ್ಡೈಟಿಸ್. ಪ್ಯಾಕೆಟ್ಟಿನಲ್ಲಿರುವುದು ಇವುಗಳ ಮರಿಗಳು. ಉದ್ದ ಸುಮಾರು ಅರ್ಧ ಮಿಲಿಮೀಟರ್. ಏನೂ ತಿನ್ನದೆ, ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆ ಬದುಕುತ್ತಾ, ಕೀಟವೊಂದನ್ನು ಹುಡುಕುವ ಹಂತದಲ್ಲಿರುತ್ತವೆ.

ಒಂದು ಗೊಣ್ಣೆಹುಳು ಸಿಕ್ಕಿತೆನ್ನಿ. ಅದರ ಬಾಯಿ, ಗುದದ್ವಾರ ಅಥವಾ ಉಸಿರಾಟದ ರಂಧ್ರದ ಮೂಲಕ ಮರಿ ಒಳಗೆ ನುಗ್ಗುತ್ತದೆ. ಹೆಟೆರೊರಾಬ್ಡೈಟಿಸ್‌ಗೆ ಒಂದು ಪುಟ್ಟ ಹಲ್ಲೂ ಇದೆ, ಮೆತ್ತಗಿನ ಚರ್ಮವನ್ನು ಅದರಿಂದಲೇ ಕೊರೆಯಬಲ್ಲದು. ಒಳಗೆ ಹೋದ ಮೇಲೆ ತನ್ನ ಕರುಳಿನಲ್ಲಿ ಹೊತ್ತು ತಂದ ಬ್ಯಾಕ್ಟೀರಿಯಾವನ್ನು ಹೊರಬಿಡುತ್ತದೆ. ಕೀಟವನ್ನು ಕೊಲ್ಲುವುದರಲ್ಲಿ ಈ ಬ್ಯಾಕ್ಟೀರಿಯಾದ್ದೇ ದೊಡ್ಡ ಪಾಲು. ಹೊಕ್ಕ ಎರಡು ಮೂರು ದಿನಗಳಲ್ಲಿ ಸಾಮಾನ್ಯವಾಗಿ ಕೀಟ ಸಾಯುತ್ತದೆ.

ಸತ್ತ ಹುಳು ಕೊಳೆತು ನಾರುವುದಿಲ್ಲ. ಬೇರೆ ಸೂಕ್ಷ್ಮಜೀವಿಗಳು ಪಾಲು ಕೇಳದಂತೆ ಈ ಬ್ಯಾಕ್ಟೀರಿಯಾ ಔಷಧದಂಥ ರಾಸಾಯನಿಕಗಳನ್ನು ಬಿಡುವುದೇ ಇದಕ್ಕೆ ಕಾರಣ. ಹೆಟೆರೊರಾಬ್ಡೈಟಿಸ್ ಹೊಕ್ಕ ಹುಳು ಇಟ್ಟಿಗೆಯ ಕೆಂಪು ಬಣ್ಣಕ್ಕೆ ತಿರುಗುತ್ತದೆ. ನೆಮಟೋಡುಗಳು ಆ ಹೆಣದೊಳಗೇ ಒಂದೆರಡು ತಲೆಮಾರು ಬೆಳೆದು, ಒಂದೆರಡು ವಾರಗಳಲ್ಲಿ ಸಾವಿರಗಟ್ಟಲೆ, ದೊಡ್ಡ ಹುಳುವಾದರೆ ಲಕ್ಷಗಟ್ಟಲೆ ಮರಿಗಳಾಗಿ ಮಣ್ಣಿಗೆ ಬರುತ್ತವೆ.

ಇದು ಪ್ರಯೋಗಾಲಯದಲ್ಲಿ ಹುಟ್ಟಿಸಿದ ಹೊಸ ಜೀವಿಯಲ್ಲ. 1929ರಲ್ಲೇ ಅಮೆರಿಕದ ನ್ಯೂಜೆರ್ಸಿಯಲ್ಲಿ ರುಡಾಲ್ಫ್ ಗ್ಲೇಸರ್ ಎಂಬ ವಿಜ್ಞಾನಿ ದುಂಬಿಯ ಮರಿಗಳು ಇಂಥದ್ದೇ ನೆಮಟೋಡಿನಿಂದ ಸಾಯುವುದನ್ನು ಗಮನಿಸಿದ್ದರು. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಹೆಟೆರೊರಾಬ್ಡೈಟಿಸ್ ಇಂಡಿಕಾ ಸಿಕ್ಕಿದ್ದು ಪಕ್ಕದ ತಮಿಳುನಾಡಿನ ಕೊಯಮತ್ತೂರಿನಲ್ಲಿ, 1992ರಲ್ಲಿ ಅದಕ್ಕೆ ಈ ಹೆಸರು ಬಂತು. ಸೆಕೆಯ ನಾಡಿನದ್ದಾದ್ದರಿಂದ ಬಿಸಿಯನ್ನು ಕೊಂಚ ಹೆಚ್ಚು ತಡೆಯುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋ ಇದನ್ನು ನೀರಿನಲ್ಲಿ ಕಲಸುವ ಪುಡಿಯ ರೂಪಕ್ಕೆ ತಂದಿದೆ. ಅಡಿಕೆ, ತೆಂಗಿನ ಬೇರುಹುಳಕ್ಕೆ ಸ್ಟೈನರ್ನೀಮಾ ಬಳಸುವ ಬಗ್ಗೆ ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಕೆಲಸ ಮಾಡಿದೆ. ದಕ್ಷಿಣ ಕನ್ನಡದ ವಿಟ್ಲದಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ.

ಎರಡನೇ ಸಂದೇಶ: ಒಮ್ಮೆ ಹಾಕಿದರೆ ಸಾಕೇ?

ಸಾಲದು. ಹೆಚ್ಚು ದುಡ್ಡು ಕಳೆಯುವುದು ಈ ಸಂದೇಶವೇ.

ಒಂದನೆಯದಾಗಿ, ಹಾಕಿದ ನೆಮಟೋಡುಗಳೆಲ್ಲ ಬದುಕುವುದಿಲ್ಲ. ಮೊದಲ ಕೆಲವು ದಿನಗಳಲ್ಲೇ ಬಹುಪಾಲು ಸಾಯುತ್ತವೆ. ಅದಕ್ಕೇ ಸಂಖ್ಯೆ ಅಷ್ಟು ದೊಡ್ಡದು: ಸಾಮಾನ್ಯ ಲೆಕ್ಕ ಒಂದು ಚದರ ಸೆಂಟಿಮೀಟರಿಗೆ 25, ಅಂದರೆ ಎಕರೆಗೆ ಸುಮಾರು 100 ಕೋಟಿ. ಉಳಿದವು ಮಣ್ಣಿನಲ್ಲಿ ಹುಳು ಸಿಕ್ಕಿದರೆ ಮರಿ ಮಾಡುತ್ತವೆ, ಸಿಗದಿದ್ದರೆ ಕ್ರಮೇಣ ಕಡಿಮೆಯಾಗುತ್ತವೆ. ಹಾಗಾಗಿ ಮತ್ತೆ ಹಾಕಬೇಕಾಗುತ್ತದೆ.

ಎರಡನೆಯದಾಗಿ, ಗೊಣ್ಣೆಹುಳು ಸುಲಭದ ಎದುರಾಳಿಯಲ್ಲ. ನೆಮಟೋಡುಗಳಿರುವ ಮಣ್ಣಿನಲ್ಲೇ ಲಕ್ಷಾಂತರ ವರ್ಷಗಳಿಂದ ಬದುಕಿ ಬಂದ ಕೀಟ ಅದು. ಅದರ ಉಸಿರಾಟದ ರಂಧ್ರಗಳಿಗೆ ಜರಡಿಯಂಥ ಮುಚ್ಚಳವಿದೆ. ಮೈಗೆ ಅಂಟಿದ ನೆಮಟೋಡನ್ನು ಕಾಲು ಬಾಯಿಗಳಿಂದ ಉಜ್ಜಿ ತೆಗೆಯುತ್ತದೆ. ಚಿಕ್ಕ ಮರಿಯಲ್ಲಿ ಈ ರಕ್ಷಣೆ ಕಡಿಮೆ, ಬಲಿತದ್ದರಲ್ಲಿ ಹೆಚ್ಚು. ಬಲಿತವು ಆಳಕ್ಕೂ ಇಳಿದಿರುತ್ತವೆ. ಮರ ಹಳದಿಯಾದ ಮೇಲೆ ಓಡಿಹೋಗಿ ಪುಡಿ ತಂದರೆ ಅರ್ಧ ಸೋತಂತೆಯೇ. ದುಂಬಿ ಹಾರಿದ ಮೇಲೆ, ಮೊಟ್ಟೆಯೊಡೆದು ಮರಿಗಳು ಸಣ್ಣದಾಗಿ ಬೇರಿನ ಮೇಲ್ಭಾಗದಲ್ಲಿರುವಾಗ ಹಾಕಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ನಾವು ಇದನ್ನು "ಪುಡಿ", "ಔಷಧಿ" ಎನ್ನುತ್ತೇವೆ, ಹಾಗಾಗಿ ಔಷಧಿಯಂತೆಯೇ ಇಡುತ್ತೇವೆ, ಔಷಧಿಯಂತೆಯೇ ಹೊಡೆಯುತ್ತೇವೆ. ಆದರೆ ಅದು ಜೀವ. ನೇರ ಬಿಸಿಲು ಬಿದ್ದರೆ ನಿಮಿಷಗಳಲ್ಲಿ ಸಾಯುತ್ತದೆ. ಒಣಗಿದರೆ ಸಾಯುತ್ತದೆ. ನೀರಿನಲ್ಲಿ ಗಾಳಿಯಿಲ್ಲದೆ ಗಂಟೆಗಟ್ಟಲೆ ತಳದಲ್ಲಿ ಕೂತರೂ ಸಾಯುತ್ತದೆ.

ಬಳಸುವುದಾದರೆ ಹೀಗೆ ಬಳಸಿ

* ಕೊಳ್ಳುವಾಗ ತಯಾರಾದ ಮತ್ತು ಅವಧಿ ಮುಗಿಯುವ ದಿನಾಂಕ, ಯಾವ ಜಾತಿ, ಎಷ್ಟು ಸಂಖ್ಯೆ ಎಂದು ನೋಡಿ. ಅಂಗಡಿಯಲ್ಲಿ ಬಿಸಿಲು ಬೀಳುವ ಕಡೆ ಇಟ್ಟಿದ್ದರೆ ಬೇಡ ಎನ್ನಿ.
* ಮನೆಯಲ್ಲಿ ತಂಪಾದ, ನೆರಳಿನ ಜಾಗದಲ್ಲಿಡಿ. ಫ್ರೀಜರಿನಲ್ಲಿ ಮಾತ್ರ ಇಡಬೇಡಿ. ಆದಷ್ಟು ಬೇಗ ಬಳಸಿ.
* ಸಂಜೆ ಅಥವಾ ಮೋಡ ಕವಿದ ಹೊತ್ತಿನಲ್ಲಿ ಹಾಕಿ. ಮಣ್ಣು ಮೊದಲೇ ಹಸಿಯಾಗಿರಬೇಕು, ಹಾಕಿದ ಮೇಲೂ ಕೆಲವು ದಿನ ಹಸಿಯಾಗಿರಬೇಕು. ಆದರೆ ನೀರು ನಿಂತ ತೋಟದಲ್ಲಿ, ಜಡಿಮಳೆಯ ದಿನ ಬೇಡ.
* ಬುಡದ ದರಗು ಸರಿಸಿ, ಬೇರಿರುವ ಕಡೆ ಮಣ್ಣಿಗೇ ಹೊಯ್ದು, ಮತ್ತೆ ದರಗು ಮುಚ್ಚಿ. ಸೋಗೆಗೆ ಹೊಡೆದರೆ ಪ್ರಯೋಜನವಿಲ್ಲ.
* ಕಲಸಿದ ನೀರನ್ನು ಆಗಾಗ ಕದಡುತ್ತಿರಿ, ಅದೇ ದಿನ ಮುಗಿಸಿ. ಸ್ಪ್ರೇಯರ್ ಬಳಸುವುದಾದರೆ ಸಣ್ಣ ಕಣ್ಣಿನ ಜಾಲರಿ ತೆಗೆಯಿರಿ. ಕೀಟನಾಶಕ ಕಲಸಿದ ಡ್ರಮ್ಮನ್ನು ತೊಳೆಯದೆ ಬಳಸಬೇಡಿ.
* ದುಂಬಿ ಹಾರುವ ವಾರಗಳಲ್ಲಿ ಮುಸ್ಸಂಜೆ ಹೊತ್ತು ಅವನ್ನು ಹಿಡಿದು ಕೊಲ್ಲುವುದನ್ನೂ ಮುಂದುವರಿಸಿ. ಒಂದು ದುಂಬಿ ಕಡಿಮೆಯಾದರೆ ಅದರ ಮೊಟ್ಟೆಗಳೆಲ್ಲ ಕಡಿಮೆಯಾದಂತೆ.

ನಿಮ್ಮ ತೋಟಕ್ಕೆ ಎಷ್ಟು, ಯಾವಾಗ ಎಂಬುದನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಗೊಣ್ಣೆಹುಳದ ಜಾತಿ ಬೇರೆಯಾದರೆ ಅದರ ಜೀವನಚಕ್ರವೂ ಬೇರೆ. ಕೆಲವು ಒಂದು ವರ್ಷದಲ್ಲಿ ಮುಗಿಸುತ್ತವೆ, ಕೆಲವು ಎರಡು ವರ್ಷ ತೆಗೆದುಕೊಳ್ಳುತ್ತವೆ.

ಪ್ಯಾಕೆಟ್ಟಿನೊಳಗೆ ಜೀವ ಇದೆಯೇ?

ಇದನ್ನು ಹಾಕುವ ಮೊದಲೇ ನೋಡಬಹುದು. ಚಿಟಿಕೆ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ, ಅರ್ಧ ಗಂಟೆ ಬಿಟ್ಟು, ಒಂದು ಹನಿಯನ್ನು ಕಪ್ಪು ಹಿನ್ನೆಲೆಯ ಮೇಲಿಟ್ಟು ಒಳ್ಳೆಯ ಭೂತಗನ್ನಡಿಯಲ್ಲಿ ನೋಡಿ. ಕೂದಲಿನ ಚೂರುಗಳಂಥವು ನುಲಿಯುತ್ತಾ ಓಡಾಡುತ್ತಿದ್ದರೆ ಬದುಕಿವೆ. ಪುಡಿಯ ಕೆಸರಿನಲ್ಲಿ ಗೊತ್ತಾಗದಿದ್ದರೆ ಹತ್ತಿರದ ಕಾಲೇಜು ಅಥವಾ ಕೃಷಿ ವಿಜ್ಞಾನ ಕೇಂದ್ರದ ಸೂಕ್ಷ್ಮದರ್ಶಕದಲ್ಲಿ ನೋಡಲು ಕೇಳಿ. ಇನ್ನೊಂದು ದಾರಿಯೂ ಇದೆ. ಒಂದು ಡಬ್ಬಿ ಹಸಿ ಮಣ್ಣಿಗೆ ನಾಲ್ಕೈದು ಸಣ್ಣ ಗೊಣ್ಣೆಹುಳು ಬಿಟ್ಟು, ಕಲಸಿದ ನೀರು ಹಾಕಿ ನೆರಳಿನಲ್ಲಿಡಿ. ಒಂದು ವಾರದೊಳಗೆ ಹುಳು ಕೆಂಪಾಗಿಯೋ ಕಂದಾಗಿಯೋ, ನಾರದೆ ಸತ್ತಿದ್ದರೆ ಪುಡಿ ಕೆಲಸ ಮಾಡುತ್ತಿದೆ ಎಂದು ನಂಬಬಹುದು.

ನಮಗೆ ಪ್ರಶ್ನೆ ಕೇಳಿದ ಬೆಳೆಗಾರರ ಬಳಿ ಆಗಲೇ ಎರಡು ಪ್ಯಾಕೆಟ್ ಇತ್ತು. ಮೊದಲ ಫಾರ್ವರ್ಡ್ ನೋಡಿ ಹೆದರಿ, ಎರಡನೆಯದನ್ನು ನೋಡಿ ಆಸೆಯಾಗಿ, ತೀರ್ಮಾನವಾಗುವವರೆಗೆ ಅವನ್ನು ಪಂಪ್‌ಶೆಡ್ಡಿನ ಕಿಟಕಿಯಲ್ಲಿ ಇಟ್ಟಿದ್ದರು. ಮಧ್ಯಾಹ್ನದ ಬಿಸಿಲು ನೇರ ಬೀಳುವ ಕಿಟಕಿ ಅದು. ನಾವು ಹೇಳಿದಂತೆ ಹನಿ ನೀರಿನಲ್ಲಿ ಕಲಸಿ ಮಗಳ ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿಸಿದರು. ಒಂದೂ ಅಲ್ಲಾಡಲಿಲ್ಲ. ಹಾಗೇ ಹಾಕಿದ್ದರೆ "ಜೈವಿಕ ಅಂತೆಲ್ಲ ಸುಳ್ಳು, ಏನೂ ಆಗಲ್ಲ" ಎಂಬ ಮೂರನೇ ಫಾರ್ವರ್ಡ್ ಅವರ ತೋಟದಿಂದಲೇ ಹೊರಡುತ್ತಿತ್ತು.

ಅವರು ಹೊಸ ಪ್ಯಾಕೆಟ್ ತರಿಸಿ, ಒಂದು ಸಂಜೆ ಮಳೆ ಬಿಟ್ಟ ಮೇಲೆ ತೋಟದ ಒಂದು ಭಾಗಕ್ಕೆ ಮಾತ್ರ ಹಾಕಿದ್ದಾರೆ. ಹಾಕಿದ ಭಾಗ, ಹಾಕದ ಭಾಗ ಎರಡರಲ್ಲೂ ಬುಡ ಅಗೆದು ಹುಳು ಎಣಿಸುತ್ತಿದ್ದಾರೆ. ಯಾವ ಫಾರ್ವರ್ಡಿಗಿಂತಲೂ ಆ ಎಣಿಕೆಯೇ ಅವರ ತೋಟದ ಮಟ್ಟಿಗೆ ಹೆಚ್ಚು ನಿಜ.

ನಿಮ್ಮ ಗುಂಪಿಗೂ ಇಂಥ ಸಂದೇಶ ಬಂದಿದ್ದರೆ ಅದರ ಕೆಳಗೆ ಇಷ್ಟು ಬರೆದು ಕಳಿಸಿ: ಈ ಹುಳು ಬೇರು ತಿನ್ನುವುದಿಲ್ಲ, ಒಮ್ಮೆ ಹಾಕಿದರೆ ಮುಗಿಯುವುದೂ ಇಲ್ಲ, ಬಿಸಿಲಿನಲ್ಲಿಟ್ಟರೆ ಬದುಕುವುದಿಲ್ಲ.