ಉಗ್ಗುವ ಮಗುವೂ ಸಹಪಾಠಿಗಳ ನಗೆಯೂ

ಉಪಾಧ್ಯಾಯರು ಹಾಜರಿ ಕರೆಯುತ್ತಾರೆ. ಒಬ್ಬ ಹುಡುಗನಿಗೆ ‘ಹಾಜರ್’ ಎಂಬ ಚಿಕ್ಕ ಮಾತೂ ತುಟಿಯಿಂದಾಚೆ ಬರುವುದಿಲ್ಲ. ಹಿಂದಿನ ಬೆಂಚಿನಲ್ಲಿ ನಗೆಯೇಳುತ್ತದೆ.

ಉಗ್ಗನ್ನು ದಡ್ಡತನದ ಗುರುತೆಂದು ಹಲವರು ಭಾವಿಸಿರುವರು. ಅದು ಸರಿಯಲ್ಲ. ನೂರು ಮಕ್ಕಳಲ್ಲಿ ಸುಮಾರು 5 ಮಂದಿ, ಹೆಚ್ಚಾಗಿ 2ರಿಂದ 5 ವರ್ಷಗಳ ನಡುವೆ, ಉಗ್ಗತೊಡಗುತ್ತಾರೆ. ಬೆಳೆದ ಮೇಲೆ ಅದು ಉಳಿಯುವುದು ಸುಮಾರು ಒಬ್ಬರಲ್ಲಿ ಮಾತ್ರ. ಮಾತನಾಡುವಾಗ ಉಸಿರು, ಧ್ವನಿತಂತು, ನಾಲಗೆ, ತುಟಿಗಳು ಕ್ಷಣ ತಪ್ಪದೆ ಒಂದುಗೂಡಬೇಕಷ್ಟೆ. ಈ ಮೇಳವನ್ನು ನಡೆಸುವ ಮೆದುಳಿನ ನರಮಾರ್ಗಗಳಲ್ಲಿ ಉಗ್ಗುವವರಿಗೆ ಸೂಕ್ಷ್ಮ ವ್ಯತ್ಯಾಸಗಳಿವೆ. ಅನುವಂಶೀಯತೆಯೂ ಒಂದು ಕಾರಣ.

ನಗೆಯಿಂದ ಉಗ್ಗು ಹುಟ್ಟುವುದಿಲ್ಲ; ಆದರೆ ಬಲಿಯುತ್ತದೆ. ಗೇಲಿಗಂಜಿದ ಬಾಲಕನು ಸ್ನಾಯುಗಳನ್ನು ಬಿಗಿಹಿಡಿಯುತ್ತಾನೆ, ಕಷ್ಟದ ಪದಗಳನ್ನು ತಪ್ಪಿಸುತ್ತಾನೆ, ಕೊನೆಗೆ ಉತ್ತರ ಬಲ್ಲವನಾದರೂ ಮೌನಿಯಾಗುತ್ತಾನೆ.

1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಉಗ್ಗಿಗೆ ಚಿಕಿತ್ಸೆಯುಂಟು. ಆಳಂದ ತಾಲ್ಲೂಕಿನ ಕಡಗಂಚಿಯಿಂದ ಅದು 600 ಕಿಲೋಮೀಟರಿಗೂ ಮಿಗಿಲಾದ ದಾರಿ. ಆದರೆ ಗೇಲಿಯನ್ನು ತಡೆಯಲು ಅಷ್ಟು ದೂರ ಹೋಗಬೇಕಾಗಿಲ್ಲ. ‘ನಾನು ತೊದಲ್ತೀನಿ, ಜರಾ ತಡಿ’ ಎಂದು ಧೈರ್ಯವಾಗಿ ಹೇಳುವುದನ್ನು ಮನೆಯವರು ಮಗುವಿಗೆ ಅಭ್ಯಾಸ ಮಾಡಿಸಬಹುದು. ಮುಚ್ಚಿಡದ ವಿಷಯವನ್ನು ಅಣಕಿಸುವುದರಲ್ಲಿ ಸ್ವಾರಸ್ಯ ಕಡಿಮೆ. ಪೀಡೆ ನಿಲ್ಲದಿದ್ದರೆ ಉಪಾಧ್ಯಾಯರಿಗೆ ತಿಳಿಸುವುದು ಚಾಡಿಯಲ್ಲ. ಸಹಪಾಠಿಗಳಾದ ನೀವು ಅವನ ಪದವನ್ನು ಪೂರ್ತಿಮಾಡಲು ಹೋಗಬೇಡಿ. ‘ನಿಧಾನವಾಗಿ ಹೇಳು’ ಎಂದು ಬುದ್ಧಿ ಹೇಳಬೇಡಿ. ಅವನ ಮುಖ ನೋಡುತ್ತ, ಮಾತು ಮುಗಿಯುವವರೆಗೆ ಕಾಯಿರಿ.